ಪ್ಲೈವುಡ್ ಎದುರು ಏದುಸಿರು ಬಿಡುವ ಗರಗಸ: ಮದ್ದುಗಳ ಹೋಲಿಕೆ

ರೀಪರ್ (ಮರದ ಉದ್ದ ಪಟ್ಟಿ) ಕೊಯ್ಯುವಾಗ ಸಲೀಸಾಗಿ ಓಡುವ ಏಳು ಇಂಚಿನ ಸರ್ಕ್ಯುಲರ್ ಸಾ, ಅಂದರೆ ದುಂಡು ಬ್ಲೇಡಿನ ಕರೆಂಟಿನ ಗರಗಸ, ಎಂಟು ಅಡಿ ಉದ್ದದ ಪ್ಲೈವುಡ್ ಹಾಳೆಗೆ ಇಟ್ಟ ಕೂಡಲೇ ಏದುಸಿರು ಬಿಡತೊಡಗುತ್ತದೆ. ಮೋಟಾರಿನ ದನಿ ಕುಗ್ಗುತ್ತದೆ, ಕೊಯ್ದ ಅಂಚು ಕಂದುಗಟ್ಟುತ್ತದೆ, ಮೇಲ್ಪದರದಲ್ಲಿ ಸಿಬಿರು ಏಳುತ್ತದೆ. ಅಂಗಡಿಯವರನ್ನು ಕೇಳಿದರೆ ‘ಹೆಚ್ಚು ವ್ಯಾಟ್‌ನ ಮೆಷಿನ್ ತೆಗೆದುಕೊಳ್ಳಿ’ ಎನ್ನುತ್ತಾರೆ. ಆಚಾರಿಗಳನ್ನು ಕೇಳಿದರೆ ‘ಮಾರ್ಬಲ್ ಕಟರ್‌ಗೆ ಮರದ ಬ್ಲೇಡ್ ಹಾಕಿ ಸಾರ್, ಅದರಷ್ಟು ಚೆನ್ನಾಗಿ ಯಾವುದೂ ಕೊಯ್ಯುವುದಿಲ್ಲ’ ಎಂಬ ಉತ್ತರ. ಮನೆಗೆ ಪುಸ್ತಕದ ಕಪಾಟು, ಅಡುಗೆಮನೆಯ ಕ್ಯಾಬಿನೆಟ್ ಮಾಡುವ ನೆವದಲ್ಲಿ ಈ ಸಲಹೆಗಳನ್ನೆಲ್ಲ 18 ಮಿಲಿಮೀಟರ್ ಪ್ಲೈವುಡ್ ಮೇಲೆ ಪರೀಕ್ಷಿಸಿದ್ದೇನೆ. ನನ್ನ ತೀರ್ಪು ಮೊದಲೇ ಹೇಳಿಬಿಡುತ್ತೇನೆ: ಹತ್ತರಲ್ಲಿ ಎಂಟು ಸಲ ತಪ್ಪು ಮೋಟಾರಿನದಲ್ಲ, ಬ್ಲೇಡಿನದು ಅಥವಾ ಹಾಳೆಯ ಕೆಳಗೆ ಕೊಟ್ಟ ಆಸರೆಯದು.

ದುಡ್ಡು ಬಿಚ್ಚುವ ಮೊದಲು ಗರಗಸ ಎಲ್ಲಿ ತಿಣುಕುತ್ತದೆ ಎಂದು ಗಮನಿಸಿ. ಮೊದಲ ಇಂಚಿನಿಂದಲೇ ತಿಣುಕಿದರೆ ಬ್ಲೇಡ್ ಮೊಂಡಾಗಿದೆ, ತಿರುಗುಮುರುಗಾಗಿ ಕೂತಿದೆ ಅಥವಾ ಕರೆಂಟು ಸಾಲುತ್ತಿಲ್ಲ. ಎರಡು ಮೂರು ಅಡಿ ಚೆನ್ನಾಗಿ ಹೋಗಿ ಆಮೇಲೆ ಸಿಕ್ಕಿಕೊಂಡರೆ, ಹಾಳೆ ಬಾಗಿ ಸೀಳು ಮುಚ್ಚಿಕೊಂಡು ಬ್ಲೇಡನ್ನು ಅದುಮುತ್ತಿದೆ. ಪುಡಿಯನ್ನೂ ಬೆರಳಲ್ಲಿ ಉಜ್ಜಿ ನೋಡಿ. ಹರಿತವಾದ ಬ್ಲೇಡಿನಿಂದ ತರಿತರಿಯಾದ ಹೊಟ್ಟು ಬೀಳುತ್ತದೆ. ಮೊಂಡು ಬ್ಲೇಡು ಮೈದಾ ಹಿಟ್ಟಿನಂಥ ಪುಡಿ ಉದುರಿಸುತ್ತದೆ, ಜೊತೆಗೆ ಸುಟ್ಟ ಮರದ ವಾಸನೆ. ವಾಸನೆ ಮರದ್ದಲ್ಲದೆ ವಾರ್ನಿಷ್ ಸುಟ್ಟಂತಿದ್ದರೆ ಕೂಡಲೇ ನಿಲ್ಲಿಸಬೇಕು, ಬಿಸಿಯಾಗಿರುವುದು ಮೋಟಾರಿನ ಸುರುಳಿ.

ಬ್ಲೇಡುಗಳ ವಿಷಯಕ್ಕೆ ಬರೋಣ. ಮೆಷಿನ್ ಜೊತೆಗೇ ಬಂದದ್ದು 24 ಹಲ್ಲಿನದು. ಅದು ಗಟ್ಟಿ ಮರವನ್ನು ಉದ್ದಕ್ಕೆ ಸೀಳಲು ಮಾಡಿದ್ದು. ಪ್ಲೈವುಡ್ಡನ್ನೂ ವೇಗವಾಗಿಯೇ ಕೊಯ್ಯುತ್ತದೆ, ಆದರೆ ಮೇಲ್ಪದರದ ಎಳೆಗೆ ಅಡ್ಡಲಾಗಿ ಕೊಯ್ದಾಗ ಅಂಚು ಇಲಿ ಕಡಿದ ಹಾಗೆ ಆಗುತ್ತದೆ. ಕಪಾಟಿನ ಹಿಂಬದಿಗೆ ಸಾಕು, ಮುಂಬದಿಗೆ ಅಲ್ಲ.

ಅಂಚು ನಯವಾಗಲಿ ಎಂದು 60 ಹಲ್ಲಿನದನ್ನು ಹಾಕಿದೆ. ನಯವೇನೋ ಬಂತು, ಮೈಕಾ ಅಂಟಿಸಿದ ಹಾಳೆಯಲ್ಲಂತೂ ಸಿಬಿರೇ ಇಲ್ಲವೆನ್ನುವಷ್ಟು. ಆದರೆ ತಿಣುಕಾಟ ಹೆಚ್ಚಾಯಿತು. ಕಾರಣ ಸರಳ: ಹಲ್ಲು ಹೆಚ್ಚಾದಷ್ಟೂ ಹಲ್ಲುಗಳ ನಡುವಿನ ಸಂದು ಚಿಕ್ಕದಾಗುತ್ತದೆ, ಹೊಟ್ಟು ಹೊರಬೀಳಲು ಜಾಗ ಸಾಲದೆ ಅಲ್ಲೇ ಉಜ್ಜಿ ಬಿಸಿಯಾಗುತ್ತದೆ. ಪ್ಲೈವುಡ್‌ನ ಪದರಗಳನ್ನು ಹಿಡಿದಿಟ್ಟಿರುವ ರಾಳದ ಅಂಟು ಆ ಬಿಸಿಗೆ ಕರಕಲಾಗಿ ಹಲ್ಲಿನ ಬದಿಗೆ ಮೆತ್ತಿಕೊಳ್ಳುತ್ತದೆ, ಆಮೇಲೆ ಉಜ್ಜಾಟ ಇನ್ನೂ ಜಾಸ್ತಿ. ತಾಳ್ಮೆಯಿಂದ ನಿಧಾನವಾಗಿ ತಳ್ಳುವವರಿಗೆ ಮಾತ್ರ ಈ ಬ್ಲೇಡು.

ನನ್ನ ಮೆಷಿನ್ನಿನಲ್ಲಿ ಈಗ ಕೂತಿರುವುದು 40 ಹಲ್ಲಿನ ತೆಳು ಬ್ಲೇಡು. ಮಾಮೂಲಿ ಬ್ಲೇಡು ಸುಮಾರು ಎರಡೂವರೆ ಮಿಲಿಮೀಟರ್ ಅಗಲ ಕೊಯ್ದರೆ ಇದು ಕೊಯ್ಯುವುದು 1.8ರ ಆಸುಪಾಸು. ಕಾಲುಭಾಗಕ್ಕಿಂತ ಹೆಚ್ಚು ಮರವನ್ನು ಪುಡಿ ಮಾಡುವ ಶ್ರಮ ಮೋಟಾರಿಗೆ ತಪ್ಪಿತು, ಆ ವ್ಯತ್ಯಾಸ ಕೈಗೆ ನೇರವಾಗಿ ಗೊತ್ತಾಗುತ್ತದೆ. ಅಂಚು 60ರದ್ದರಷ್ಟು ನಯವಲ್ಲ, ಆದರೆ ಎಡ್ಜ್ ಬ್ಯಾಂಡ್ (ಅಂಚು ಮುಚ್ಚುವ ತೆಳು ಪಟ್ಟಿ) ಅಂಟಿಸುವ ಅಂಚಿಗೆ ಇಷ್ಟು ಧಾರಾಳವಾಯಿತು. ಕೊಳ್ಳುವಾಗ ನಡುವಿನ ತೂತಿನ ಅಳತೆ ನೋಡಿಕೊಳ್ಳಿ. ಏಳು ಇಂಚಿನ ಮೆಷಿನ್‌ಗಳಲ್ಲಿ 20, 25.4, 30 ಮಿಲಿಮೀಟರ್ ಎಂದು ಬೇರೆಬೇರೆ ಇರುತ್ತವೆ. ಬ್ಲೇಡಿನ ಮೇಲೆ ಬರೆದ ಗರಿಷ್ಠ ವೇಗ ಮೆಷಿನ್‌ನ ವೇಗಕ್ಕಿಂತ ಕಡಿಮೆ ಇರಕೂಡದು.

ಯಾವ ಬ್ಲೇಡಾದರೂ ಆಳ ಹೊಂದಿಸದೆ ಕೊಯ್ದರೆ ಪ್ರಯೋಜನವಿಲ್ಲ. 18 ಮಿಲಿಮೀಟರ್ ಹಾಳೆಗೆ ಬ್ಲೇಡು 24–25 ಮಿಲಿಮೀಟರ್ ಇಳಿದರೆ ಸಾಕು, ಅಂದರೆ ಹಲ್ಲು ಕೆಳಗಿನಿಂದ ಇಣುಕುವಷ್ಟು. ಪೂರ್ತಿ ಇಳಿಸಿದರೆ ತಟ್ಟೆಯ ಹೆಚ್ಚು ಭಾಗ ಸೀಳಿನೊಳಗೆ ಉಜ್ಜುತ್ತದೆ, ಸಿಬಿರೂ ಜಾಸ್ತಿ. ಕೈಯಲ್ಲಿ ಹಿಡಿದು ತಳ್ಳುವ ಸರ್ಕ್ಯುಲರ್ ಸಾದ ಹಲ್ಲು ಕೆಳಗಿನಿಂದ ಮೇಲಕ್ಕೆ ಕೊಯ್ಯುವುದರಿಂದ ಹಾಳೆಯ ಒಳ್ಳೆಯ ಮುಖ ಕೆಳಗಿರಬೇಕು. ಮೇಜಿನಿಂದ ಬ್ಲೇಡು ಮೇಲಕ್ಕೆ ಚಾಚಿರುವ ಟೇಬಲ್ ಸಾ ಆದರೆ ಇದಕ್ಕೆ ತದ್ವಿರುದ್ಧ.

ಈಗ ಆಚಾರಿಗಳ ಪ್ರೀತಿಯ ಮಾರ್ಬಲ್ ಕಟರ್. ಅವರ ಮಾತು ಸುಳ್ಳಲ್ಲ. ಏಳು ಇಂಚಿನ ಗರಗಸ ನಿಮಿಷಕ್ಕೆ ಸುಮಾರು 5,000 ಸುತ್ತು ಹೊಡೆದರೆ ನಾಲ್ಕು ಇಂಚಿನ ಕಟರ್ 12,000ಕ್ಕೂ ಮೇಲೆ. ಬ್ಲೇಡು ಚಿಕ್ಕದಾದರೂ ಹಲ್ಲಿನ ತುದಿಯ ವೇಗ ಲೆಕ್ಕಹಾಕಿದರೆ ಸೆಕೆಂಡಿಗೆ ಸುಮಾರು 70 ಮೀಟರ್. ದೊಡ್ಡ ಗರಗಸದ್ದು 50ರ ಹತ್ತಿರ. ಹೀಗಾಗಿ ಹಗುರವಾದ ಮೆಷಿನ್ ಆದರೂ ತಿಣುಕುವುದಿಲ್ಲ, ಅಂಚೂ ಅಚ್ಚುಕಟ್ಟು. ಗೆರೆ ಕಣ್ಣಿಗೆ ಹತ್ತಿರವಿರುತ್ತದೆ, ಒಂದೇ ಕೈಗೆ ದಕ್ಕುತ್ತದೆ, ಬೆಲೆ ಕಡಿಮೆ. ನಮ್ಮ ಊರುಗಳ ಮರಗೆಲಸದಲ್ಲಿ ಅದು ಇಷ್ಟು ಬೇರೂರಿದ್ದಕ್ಕೆ ಕಾರಣ ಇಲ್ಲದಿಲ್ಲ.

ಆದರೂ ನಾನು ಅದನ್ನು ಮರಕ್ಕೆ ಬಳಸುವುದಿಲ್ಲ. ಅದು ಕಲ್ಲಿಗೆ ಮಾಡಿದ ಯಂತ್ರ. ಹಲ್ಲಿಲ್ಲದ ವಜ್ರದ ಬ್ಲೇಡಿಗೆ ಮೇಲರ್ಧ ಮುಚ್ಚುವ ಗಾರ್ಡು ಸಾಕಿತ್ತು. ಸರ್ಕ್ಯುಲರ್ ಸಾದಲ್ಲಿರುವ, ಕೊಯ್ದು ಎತ್ತಿದ ಕೂಡಲೇ ಸ್ಪ್ರಿಂಗಿನಿಂದ ತಾನೇ ಮುಚ್ಚಿಕೊಳ್ಳುವ ಕೆಳಗಿನ ಗಾರ್ಡು ಅದಕ್ಕಿಲ್ಲ. ಸ್ವಿಚ್ ಆರಿಸಿದ ಮೇಲೂ ಮೂವತ್ತು ನಲವತ್ತು ಹಲ್ಲು ಬಯಲಲ್ಲಿ ಸುತ್ತುತ್ತಲೇ ಇರುತ್ತವೆ, ಅದನ್ನು ನೆಲದ ಮೇಲೆ ಇಡುತ್ತೇವೆ, ಪಕ್ಕದಲ್ಲಿ ಕಾಲು. ಸೀಳು ಕಚ್ಚಿಕೊಂಡರೆ ಮೆಷಿನ್ ಹಿಂದಕ್ಕೆ ಒದೆಯುತ್ತದೆ, ಹಿಡಿದಿರುವುದು ಒಂದು ಕೈ. ಎಷ್ಟೋ ಆಚಾರಿಗಳ ಬೆರಳು ತೊಡೆಗಳ ಮೇಲಿನ ಹೊಲಿಗೆ ಗುರುತು ಈ ಕಥೆ ಹೇಳುತ್ತದೆ. ಕೊಯ್ತದ ಗುಣಕ್ಕೆ ಪೂರ್ಣ ಅಂಕ, ಉಳಿದದ್ದಕ್ಕೆ ಸೊನ್ನೆ.

ಸಣ್ಣ ಪಟ್ಟಿ ಬ್ಲೇಡು ಮೇಲೆ ಕೆಳಗೆ ಆಡುವ ಜಿಗ್‌ಸಾ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಿಂಕ್ ಕೂರಿಸಲು ರಂಧ್ರ ಕೊಯ್ಯಲು, ಬಾಗಿದ ಗೆರೆಗೆ ಅದಕ್ಕೆ ಸಾಟಿಯಿಲ್ಲ. ಎಂಟು ಅಡಿಯ ನೇರ ಗೆರೆಗೆ ಅದನ್ನು ಹಚ್ಚಿದರೆ ಬ್ಲೇಡು ಕೆಳಗೆ ಓರೆಯಾಗಿ ಹೋಗಿ ಅಂಚು ಮೂಲೆಮಟ್ಟಕ್ಕೆ ಬರುವುದಿಲ್ಲ. ಸ್ನೇಹಿತರೊಬ್ಬರಿಂದ ತಂದ ಹೆಚ್ಚು ವ್ಯಾಟ್‌ನ ಗರಗಸಕ್ಕೆ ನನ್ನ ಹಳೆಯ 24 ಹಲ್ಲಿನ ಬ್ಲೇಡನ್ನೇ ಹಾಕಿ ನೋಡಿದ್ದೂ ಉಂಟು: ದನಿ ಕುಗ್ಗಲಿಲ್ಲ, ಅಂಚು ಮಾತ್ರ ಅಷ್ಟೇ ಹಾಳು.

ಆಸರೆಯ ಹೋಲಿಕೆಯೇ ನನಗೆ ಹೆಚ್ಚು ಕಲಿಸಿದ್ದು. ಎರಡು ಸ್ಟೂಲಿನ ಮೇಲೆ ಹಾಳೆ ಇಟ್ಟು ನಡುವೆ ಕೊಯ್ದರೆ ಎರಡೂ ತುಂಡು ಒಳಕ್ಕೆ ಕುಸಿಯುತ್ತವೆ, ಸೀಳಿನ ಮೇಲ್ಭಾಗ ಮುಚ್ಚಿಕೊಳ್ಳುತ್ತದೆ, ಬ್ಲೇಡು ಸಿಕ್ಕಿಬೀಳುತ್ತದೆ. ನೆಲದ ಮೇಲೆ ನಾಲ್ಕು ರೀಪರ್ ಹಾಸಿ, ಗೆರೆಯ ಎರಡೂ ಬದಿಗೆ ಎರಡೆರಡು ಬರುವಂತೆ ಇಟ್ಟರೆ ತುಂಡುಗಳು ಅಲ್ಲಾಡದೆ ನಿಲ್ಲುತ್ತವೆ. ಇನ್ನೂ ಸುಲಭ ಎಂದರೆ ಫ್ರಿಜ್, ಟಿವಿ ಪೆಟ್ಟಿಗೆಯೊಳಗಿನ ದಪ್ಪ ಥರ್ಮಾಕೋಲ್ ಹಾಸುವುದು. ಬ್ಲೇಡು ಅದರೊಳಗೆ ಸ್ವಲ್ಪ ಇಳಿದರೂ ಚಿಂತೆಯಿಲ್ಲ, ಇಡೀ ಹಾಳೆಗೆ ಆಸರೆ ಸಿಗುತ್ತದೆ. ಬಿಳಿ ಮಣಿಗಳು ಮನೆಯೆಲ್ಲ ಹಾರುತ್ತವೆ, ಗುಡಿಸುವ ಕೆಲಸ ಹೆಚ್ಚುತ್ತದೆ. ಅಂಗಳ ಇದ್ದರೂ ನಾನು ರೀಪರನ್ನೇ ಆರಿಸುತ್ತೇನೆ. ನೇರ ಅಂಚಿನ ಅಲ್ಯೂಮಿನಿಯಂ ಚಾನಲ್ಲನ್ನು ಎರಡು ಕ್ಲಾಂಪ್ ಹಾಕಿ ಬಿಗಿದು ಅದಕ್ಕೆ ಒತ್ತಿಕೊಂಡು ತಳ್ಳಿ. ಬರಿಗೈಯಲ್ಲಿ ಗೆರೆ ಹಿಡಿದು ಹೋಗುವಾಗ ಮೆಷಿನ್ ಕೂದಲೆಳೆಯಷ್ಟು ಹೊರಳಿದರೂ ಬ್ಲೇಡಿನ ಹಿಂಭಾಗ ಸೀಳಿಗೆ ಉಜ್ಜುತ್ತದೆ. ಒಂದು ಬದಿ ಮಾತ್ರ ಸುಟ್ಟಿದ್ದರೆ ಅದೇ ಕಾರಣ.

ಕರೆಂಟಿನ ಪಾಲೂ ಇದೆ. ನಮ್ಮ ಕಡೆ ಸಂಜೆ ವೋಲ್ಟೇಜ್ 190ಕ್ಕೆ ಇಳಿಯುವುದುಂಟು. ಮೋಟಾರಿನ ಬಲ ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ತಗ್ಗುವುದರಿಂದ 230ರ ಮೂರನೇ ಎರಡರಷ್ಟು ಬಲವೇ ಉಳಿಯುತ್ತದೆ. ಅದರ ಮೇಲೆ ಮೊಬೈಲ್ ಚಾರ್ಜ್ ಮಾಡುವಂಥ ತೆಳು ವೈರಿನ, ಸುತ್ತಿಟ್ಟ ಸುರುಳಿಯನ್ನೂ ಬಿಚ್ಚದ ಎಕ್ಸ್‌ಟೆನ್ಷನ್ ಬೋರ್ಡ್ ಹಾಕಿದರೆ ಕೇಳುವುದೇ ಬೇಡ. 1.5 ಚದರ ಮಿಲಿಮೀಟರ್ ತಾಮ್ರದ ವೈರು ಹಾಕಿಸಿ, ಕೊಯ್ಯುವ ಕೆಲಸವನ್ನು ಬೆಳಿಗ್ಗೆಗೆ ಇಟ್ಟುಕೊಳ್ಳಿ.

ಇನ್ನು ಹಳೆಯ ಬ್ಲೇಡನ್ನು ಎಸೆಯಬೇಡಿ. ಹಲ್ಲಿನ ಬದಿಗೆ ಮೆತ್ತಿದ ಕಪ್ಪು ರಾಳವನ್ನು ಪಾತ್ರೆ ತೊಳೆಯುವ ದ್ರವ ಬೆರೆಸಿದ ಬಿಸಿನೀರಿನಲ್ಲಿ ನೆನೆಸಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ಒರೆಸಿ, ತುಕ್ಕು ಹಿಡಿಯದಂತೆ ಎಣ್ಣೆ ಸವರಿ. ಕಾಸ್ಟಿಕ್ ಸೋಡಾ ಮಾತ್ರ ಬೇಡ. ಎಷ್ಟೋ ಬಾರಿ ಮೊಂಡು ಎಂದುಕೊಂಡ ಬ್ಲೇಡು ಬರೀ ಕೊಳೆಯಾಗಿರುತ್ತದೆ. ನಿಜಕ್ಕೂ ಮೊಂಡಾಗಿದ್ದರೆ, ಕಾರ್ಬೈಡ್ ತುದಿಗಳು ಉದುರಿರದಿದ್ದರೆ, ವಜ್ರದ ಚಕ್ರವಿರುವ ಸಾಣೆ ಅಂಗಡಿಗೆ ಕೊಡಿ. ಮನೆಯ ಅರದಿಂದ ಆ ತುದಿಗಳಿಗೆ ಏನೂ ಆಗುವುದಿಲ್ಲ.