ಮೇವೂ ಬೇಕು, ಬೀಜವೂ ಬೇಕು: ಕುದುರೆ ಮಸಾಲೆಯೋ, ಹೆಡ್ಜ್ ಲೂಸರ್ನೋ?

ಮನೆಮಟ್ಟಿಗೆ ಹಸು ಸಾಕಿಕೊಂಡು, ಮೇವಿನ ಜೊತೆ ಬಿತ್ತನೆ ಬೀಜವನ್ನೂ ತಾವೇ ಮಾಡಿಕೊಳ್ಳಬೇಕು ಅನ್ನುವವರಿಗೆ ನಾನು ಪೊದೆಯಂತೆ ಬೆಳೆಯುವ ಮೇವಿನ ಗಿಡವಾದ ಹೆಡ್ಜ್ ಲೂಸರ್ನನ್ನೇ ಹೇಳುತ್ತೇನೆ. ಕುದುರೆ ಮಸಾಲೆ (ಲೂಸರ್ನ್) ಬೇರೆಯೇ ಮೇವಿನ ಗಿಡ. ಅಂಗಡಿಯಿಂದ ತಂದ ಅದರ ಬೀಜದಲ್ಲಿ ಕಸ್ಕ್ಯೂಟಾ ಎಂಬ ಪರಾವಲಂಬಿ ಕಳೆಯ ಬೀಜ ಬೆರೆತು ಬಂದಿತ್ತು. ಆ ಹಳದಿ ದಾರದಂಥ ಬಳ್ಳಿ ಮಡಿಗಳನ್ನೆಲ್ಲ ಹಬ್ಬಿ ಹೀರಿದ ಮೇಲೆ ಸ್ವಂತ ಬೀಜದ ಹಟ ಹುಟ್ಟಿತು. ಎರಡನ್ನೂ ಕೋಲಾರದ ಕಡೆಯ ನಮ್ಮ ಹೊಲದಲ್ಲಿ ಅಕ್ಕಪಕ್ಕ ಬೆಳೆದು ನೋಡಿದೆ. ಪ್ರೋಟೀನು, ಹಾಲಿನ ಲೆಕ್ಕ ಎಲ್ಲರಿಗೂ ಗೊತ್ತಿರುವುದೇ. ಕೊಯ್ದ ಗಿಡ ಮತ್ತೆ ಹೂ ಬಿಟ್ಟು ಕಾಯಿ ಕಟ್ಟುತ್ತದೆಯೇ ಅನ್ನುವುದಷ್ಟೇ ನನಗೆ ಬೇಕಿತ್ತು.

ಕುದುರೆ ಮಸಾಲೆ ಕೊಯ್ದಷ್ಟೂ ಚಿಗುರುತ್ತದೆ. ಆ ಚಿಗುರಿಗೆ ಬಲ ಬರುವುದು ಬೇರಿನಲ್ಲಿ ಕೂಡಿಟ್ಟ ಪಿಷ್ಟದಿಂದ. ಬೇರು ಮತ್ತೆ ತುಂಬಿಕೊಳ್ಳುವ ಮೊದಲೇ ಪದೇಪದೇ ಕುಡುಗೋಲು ಹಾಕಿದರೆ ಗಿಡ ಸೊರಗಿ, ಹೂಗೊಂಚಲು ಕಡಿಮೆಯಾಗುತ್ತದೆ.

ನಿಜವಾದ ತಲೆನೋವು ಕೊನೆಯ ಕೊಯ್ಲು ಯಾವಾಗ ಅನ್ನುವುದು. ಜನವರಿ ಕೊನೆಗೆ ನಿಲ್ಲಿಸಿದರೆ ಒಣ ಬಿಸಿಲಿನಲ್ಲಿ ಹೂ ಬಂದು, ಸುರುಳಿ ಕಾಯಿಗಳು ಕಂದಾಗಿ ಬೀಜ ಚೆನ್ನಾಗಿ ಬಲಿಯುತ್ತದೆ. ಆದರೆ ಹಸಿರು ಮೇವಿಗೆ ಪರದಾಡುವ ಬೇಸಿಗೆಯಲ್ಲೇ ಆ ಮಡಿ ಮುಟ್ಟುವಂತಿಲ್ಲ. ಮಾರ್ಚ್‌ವರೆಗೆ ಕೊಯ್ದೆವೋ, ಹೂ ತಡವಾಗುತ್ತದೆ. ಕಾಯಿ ಬಲಿಯುವ ಹೊತ್ತಿಗೆ ಮೇ ತಿಂಗಳ ಮಳೆ ಬಿದ್ದು, ಬುಡದಿಂದ ಹೊಸ ಚಿಗುರೆದ್ದು, ಕಾಯಿ ಕಪ್ಪಿಡುತ್ತದೆ.

ಅರ್ಧ ಮಡಿ ಮೇವಿಗೆ, ಅರ್ಧ ಬೀಜಕ್ಕೆ ಅಂದುಕೊಂಡರೆ ನೀರಿನದು ಇನ್ನೊಂದು ಪೇಚಾಟ. ಬೀಜದ ಬೆಳೆಗೆ ನೀರು ಹಿಡಿದು ಕೊಡಬೇಕು, ಹೆಚ್ಚಾದರೆ ಬರೀ ಸೊಪ್ಪು. ನಮ್ಮದು ಎರಡಕ್ಕೂ ಒಂದೇ ಕಾಲುವೆ. ಮೇಲಾಗಿ, ಈ ಹೂವಿನೊಳಗೆ ಬಿಗಿದು ಕೂತ ಕೇಸರಗಳು ಚಿಮ್ಮಿದರೇನೇ ಕಾಯಿ ಚೆನ್ನಾಗಿ ಕಚ್ಚುವುದು. ಆ ಕೆಲಸ ಜೇನಿನದು. ಪಕ್ಕದ ಟೊಮೆಟೊಗೆ ಔಷಧಿ ಹೊಡೆದಾಗ ಜೇನು ಇತ್ತ ಸುಳಿಯುವುದಿಲ್ಲ.

ಹೆಡ್ಜ್ ಲೂಸರ್ನನ್ನು ಮೊಣಕಾಲೆತ್ತರ ಬಿಟ್ಟು ಕೊಯ್ಯುತ್ತೇನೆ. ಉಳಿದ ಕಾಂಡದ ಕಣ್ಣುಗಳಿಂದಲೇ ಚಿಗುರು ಬರುತ್ತದೆ. ಬಿತ್ತಿದ ಸುಮಾರು 90 ದಿನಕ್ಕೆ ಮೊದಲ ಕೊಯ್ಲು, ಆಮೇಲೆ 40 ದಿನಕ್ಕೊಂದು. ಅಂಚಿನ ಸಾಲುಗಳಿಗೆ ಕುಡುಗೋಲು ಹಾಕುವುದಿಲ್ಲ. ನೀರು ಒಂದೇ ಆದರೂ ಅವು ಬಿಳಿ ಹೂ ಬಿಟ್ಟು ಗೊಂಚಲು ಗೊಂಚಲಾಗಿ ಕಾಯಿ ಕಟ್ಟುತ್ತವೆ, ನಡುವಿನ ಸಾಲುಗಳ ಮೇವು ನಿಲ್ಲುವುದಿಲ್ಲ. ಕಾಯಿ ಒಟ್ಟಿಗೆ ಬಲಿಯದೆ ಒಡೆದು ಚೆಲ್ಲುವುದು ಇದರ ದೋಷ. ಕಂದಾದ ಗೊಂಚಲನ್ನಷ್ಟೇ ಬೆಳಗಿನ ತಂಪಿನಲ್ಲಿ ಕಿತ್ತುಕೊಳ್ಳಬೇಕು. ಬೀಜದ ಸಿಪ್ಪೆ ಗಟ್ಟಿ. ಬಿತ್ತುವ ಮುಂಚೆ 80 ಡಿಗ್ರಿ ಬಿಸಿನೀರಿನಲ್ಲಿ 3-4 ನಿಮಿಷ ಅದ್ದಿ ತೆಗೆಯಬೇಕು.

ಮೇವಿನ ಅಲಸಂದೆ ಕೊಯ್ದ ಮೇಲೆ ಸರಿಯಾಗಿ ಚಿಗುರಲಿಲ್ಲ. ಸ್ಟೈಲೋ ಎಂಬ ಇನ್ನೊಂದು ಮೇವಿನ ಗಿಡದ ಬೀಜ ನೆಲಕ್ಕುದುರುತ್ತದೆ. ಅನಂತಪುರದ ರೈತರು ಅದನ್ನು ಗುಡಿಸಿ ಕೂಡಿಸುತ್ತಾರೆ, ನನಗೆ ಅಷ್ಟು ವ್ಯವಧಾನವಿಲ್ಲ.

ಬೇಸಿಗೆಗೆ ಸೈಲೇಜ್ (ಗಾಳಿಯಾಡದಂತೆ ಹುದುಗಿಸಿಟ್ಟ ಹಸಿರು ಮೇವು) ಮಾಡಿಟ್ಟುಕೊಂಡವರು, ಬೀಜಕ್ಕೇ ಬೇರೆ ತಾಕು ಮತ್ತು ನೀರು ಇರುವವರು ಜನವರಿಯಲ್ಲಿ ಕೊಯ್ಲು ನಿಲ್ಲಿಸಿ ಕುದುರೆ ಮಸಾಲೆಯನ್ನೇ ಮಾಡಲಿ. ನನ್ನ ಬಳಿ ಅವೆರಡೂ ಇಲ್ಲ. ಈ ಸಲ ಕುದುರೆ ಮಸಾಲೆ ಇದ್ದ ಅರ್ಧ ಜಾಗಕ್ಕೂ ಮನೆಯ ಹೆಡ್ಜ್ ಲೂಸರ್ನ್ ಬೀಜವನ್ನೇ ಹಾಕುತ್ತಿದ್ದೇನೆ.