ಪೆಟ್ಟಿಗೆಯಲ್ಲಿ ಬಂದ ಬೈಕು: 14 ತಿಂಗಳು, 4,200 ಮೈಲಿ ಆದಮೇಲೆ

ಆನ್‌ಲೈನಲ್ಲಿ ಬೈಕ್ ತರಿಸಿ ಮನೆಯಲ್ಲೇ ಜೋಡಿಸುತ್ತೇನೆ ಅಂದಾಗ ಮೈಸೂರಲ್ಲಿರುವ ಅಪ್ಪ ನಂಬಲೇ ಇಲ್ಲ. ಅಲ್ಲಾದರೆ ಶೋರೂಮಿನವರೇ ಎಲ್ಲ ಜೋಡಿಸಿ, ತೊಳೆದು, ಕೀ ಕೈಗೆ ಕೊಡುತ್ತಾರೆ. ನಮ್ಮ ಪಾಲಿಗೆ ಚಕ್ರದ ಕೆಳಗೆ ನಿಂಬೆಹಣ್ಣು ಇಡುವ ಕೆಲಸ ಅಷ್ಟೇ. ಇಲ್ಲಿ ಟೆಕ್ಸಾಸ್‌ನಲ್ಲಿ ಲಾರಿಯೊಂದು ಬಂದು, ಕಬ್ಬಿಣದ ಚೌಕಟ್ಟಿಗೆ ರಟ್ಟು ಸುತ್ತಿದ ದೊಡ್ಡ ಪೆಟ್ಟಿಗೆಯನ್ನು ಗ್ಯಾರೇಜ್ ಮುಂದೆ ಇಳಿಸಿ ಹೋಯಿತು. ಚೀನಾದಲ್ಲಿ ಮಾಡಿದ 229 ಸಿಸಿ ಕಾರ್ಬುರೇಟರ್ ಬೈಕು. ಸಾಗಣೆ ಸೇರಿ 2,000 ಡಾಲರ್ ಒಳಗೆ. ಜಪಾನಿನ ಕಂಪನಿಗಳ ಇದೇ ಥರದ ಹೊಸ ಬೈಕಿಗೆ ಎರಡು ಪಟ್ಟಿಗೂ ಜಾಸ್ತಿ ಕೊಡಬೇಕು. ಹೆಸರು ಹೇಳುವುದಿಲ್ಲ, ಈ ಬೆಲೆಯ ಬೈಕುಗಳೆಲ್ಲ ಹೆಚ್ಚುಕಡಿಮೆ ಒಂದೇ ಜಾತಿ.

ಇಂಜಿನ್, ಚಾಸಿ, ಹಿಂದಿನ ಚಕ್ರ ಕೂಡಿಸಿಯೇ ಬಂದಿತ್ತು. ಮುಂದಿನ ಚಕ್ರ, ಹ್ಯಾಂಡಲ್, ಮಡ್‌ಗಾರ್ಡ್, ಹೆಡ್‌ಲೈಟ್, ಇಂಡಿಕೇಟರ್, ಕನ್ನಡಿ, ಬ್ಯಾಟರಿ ನಾವೇ ಹಾಕಬೇಕು. "ಮೂರು ಗಂಟೆ ಸಾಕು" ಎಂದು ಯಾರೋ ವಿಡಿಯೋದಲ್ಲಿ ಹೇಳಿದ್ದರು. ನನಗೆ ಶನಿವಾರ ಪೂರ್ತಿ ಹೋಗಿ ಭಾನುವಾರ ಮಧ್ಯಾಹ್ನದ ಊಟವೂ ತಪ್ಪಿತು.

ಜಾಸ್ತಿ ಸತಾಯಿಸಿದ್ದು ಮುಂದಿನ ಚಕ್ರ. ಅದರ ಹಬ್‌ಗೆ ಸ್ಪೀಡೋಮೀಟರ್ ಗೇರಿನ ಪುಟ್ಟ ಡಬ್ಬಿ ಕೂರುತ್ತದೆ. ಡಬ್ಬಿಯ ಕಿವಿಗಳು ಹಬ್‌ನ ಕಚ್ಚಿಗೆ ಸರಿಯಾಗಿ ಕೂರಬೇಕು, ಕೂರದೆ ಆಕ್ಸಲ್ ಬಿಗಿ ಮಾಡಿದರೆ ಕಿವಿ ಮುರಿಯುತ್ತದೆ, ಮುಳ್ಳು ಆಮೇಲೆ ಸೊನ್ನೆ ಬಿಟ್ಟು ಏಳುವುದಿಲ್ಲ. ಅದರ ಜೊತೆಗೇ ಡಿಸ್ಕನ್ನು ಎರಡು ಬ್ರೇಕ್ ಪ್ಯಾಡ್‌ಗಳ ಮಧ್ಯೆ ತೂರಿಸಬೇಕು, ಇಂಜಿನ್ ಕೆಳಗೆ ಇಟ್ಟ ಮರದ ದಿಮ್ಮಿ ಜಾರದ ಹಾಗೆ ಕಾಲಲ್ಲಿ ಒತ್ತಿಹಿಡಿಯಬೇಕು. ಮೂರು ಸಲ ಹಾಕಿ ತೆಗೆದೆ. ನಾಲ್ಕನೇ ಸಲ ಹೆಂಡತಿ ಬಂದು ಚಕ್ರ ಹಿಡಿದಳು, ಎರಡೇ ನಿಮಿಷಕ್ಕೆ ಕೂತಿತು. ಎಲ್ಲ ಮುಗಿಸಿ ಕೈ ಒರೆಸಿಕೊಳ್ಳುವಾಗ, "ಇದೇನ್ರೀ, ಇಷ್ಟೊಂದು ನಟ್ಟು ಉಳಿದಿದೆ?" ಅಂತ ಕೇಳಿದಳು. ಎಂಟು ಉಳಿದಿದ್ದವು. ಐದಕ್ಕೆ ಜಾಗ ಸಿಕ್ಕಿತು.

ಬ್ಯಾಟರಿ ಒಣಗಿದ್ದು, ಆಸಿಡ್ ಬೇರೆ ಬಾಟಲಿಯಲ್ಲಿ. ಗ್ಲೌಸು, ಕನ್ನಡಕ ಹಾಕಿಕೊಂಡು ಹೊರಗಡೆಯೇ ತುಂಬಿಸಿ. ತುಂಬಿಸಿದ ತಕ್ಷಣ ಬೈಕಿಗೆ ಹಾಕಬೇಡಿ, ಅರ್ಧ ಗಂಟೆ ಬಿಟ್ಟು ಚಾರ್ಜರಿಗೆ ಹಾಕಿ. ಇಂಜಿನ್ನಿನಲ್ಲಿ ಬಂದ ಆಯಿಲ್ ಸ್ಟಾರ್ಟ್ ಮಾಡುವ ಮೊದಲೇ ಇಳಿಸಿದೆ. ನೂರು ಮೈಲಿಗೆ ಮತ್ತೆ ಬದಲಾಯಿಸಿದಾಗ ಇಳಿದ ಆಯಿಲಿನಲ್ಲಿ ಸಣ್ಣ ಮಿಂಚು ಕಾಣಿಸಿತು. ಹೊಸ ಇಂಜಿನ್ ಸವೆಯುವಾಗ ಬರುವ ಲೋಹದ ಪುಡಿ ಅದು, ಗಾಬರಿ ಬೇಡ.

ಅಪ್ಪನಿಗೆ ಯೆಜ್ದಿ ಹುಚ್ಚು. ಅದನ್ನು ಮಾಡುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಬಾಗಿಲು ಹಾಕಿದರೂ, ಗೇರ್ ಲಿವರನ್ನೇ ಎತ್ತಿ ಕಿಕ್ ಹೊಡೆಯುವ ಆ ಗಾಡಿ ಇವತ್ತಿಗೂ ಮನೆಯಲ್ಲಿದೆ. ವಿಡಿಯೋ ಕಾಲಿನಲ್ಲಿ ನನ್ನ ಬೈಕನ್ನು ಸುತ್ತ ನೋಡಿ ಅವರು ಹೇಳಿದ್ದು ಒಂದೇ: "ನೀನು ಹಾಕಿದ್ದಲ್ಲಪ್ಪ, ಅವರು ಹಾಕಿ ಕಳಿಸಿದಾರಲ್ಲ, ಆ ಬೋಲ್ಟು ನೋಡು." ಆಯ್ತು ಆಯ್ತು ಅಂದು ಸುಮ್ಮನಾದೆ. ಅರವತ್ತನೇ ಮೈಲಿಯಲ್ಲಿ ಸೈಲೆನ್ಸರಿನ ಬೋಲ್ಟು ರಸ್ತೆಯಲ್ಲೆಲ್ಲೋ ಬಿತ್ತು. ನಾನು ಹಾಕಿದ್ದು ಒಂದೂ ಸಡಿಲವಾಗಿರಲಿಲ್ಲ! ಅವತ್ತು ರಾತ್ರಿ ಕೂತು ಒಂದೊಂದಾಗಿ ಎಲ್ಲ ಬೋಲ್ಟು ಬಿಚ್ಚಿ, ಸಡಿಲವಾಗದ ಹಾಗೆ ಹಿಡಿಯುವ ನೀಲಿ ಅಂಟು (ಥ್ರೆಡ್ ಲಾಕರ್) ಹಚ್ಚಿ, ಎಷ್ಟು ಬಿಗಿ ಅಂತ ಅಳೆಯುವ ಟಾರ್ಕ್ ರೆಂಚಿನಲ್ಲಿ ಬಿಗಿ ಮಾಡಿದೆ. ಹಿಂದಿನ ಚಕ್ರದ ಕಡ್ಡಿಗಳನ್ನು ಸ್ಪ್ಯಾನರಿನಿಂದ ತಟ್ಟಿದರೆ ಕೆಲವು ಟಿಣ್ ಅನ್ನುತ್ತಿದ್ದವು, ಕೆಲವು ಡಬ್ ಅನ್ನುತ್ತಿದ್ದವು. ಡಬ್ ಅಂದವೆಲ್ಲ ಸಡಿಲ.

ಮೊದಲ ಚಳಿಗಾಲದಲ್ಲಿ ಬೆಳಿಗ್ಗೆ ಚೋಕ್ ಎಳೆದು ಐದು ನಿಮಿಷ ಕಾಯಬೇಕಿತ್ತು, ಆಕ್ಸಿಲರೇಟರ್ ಬಿಟ್ಟರೆ ಸೈಲೆನ್ಸರಿನಲ್ಲಿ ಪಟಾಕಿ. ಹೊಗೆ ನಿಯಮಕ್ಕೆ ಹೊಂದಲಿ ಅಂತ ಪೆಟ್ರೋಲ್ ಕಡಿಮೆ ಹೋಗುವ ಹಾಗೆ ಕಾರ್ಬುರೇಟರ್ ಕೂಡಿಸಿರುತ್ತಾರೆ. ಅದರೊಳಗೆ ಪೆಟ್ರೋಲ್ ಹಾಯುವ ಸಣ್ಣ ತೂತಿನ ಬಿಡಿಭಾಗ, ಪೈಲಟ್ ಜೆಟ್, ಒಂದು ಸೈಜ್ ದೊಡ್ಡದು ಹಾಕಿದೆ, ಪ್ಲಗ್ಗನ್ನೂ ಬದಲಾಯಿಸಿದೆ. ಈಗ ಒಂದೇ ಒತ್ತಿಗೆ ಸ್ಟಾರ್ಟ್. ಚೈನು ಮಾತ್ರ ದಂಡ, 500 ಮೈಲಿಯೊಳಗೆ ಮೂರು ಸಲ ಬಿಗಿ ಮಾಡಿ ಕೊನೆಗೆ ಬೇರೆ ತಂದೆ.

ಓಡಿಸೋಕೆ ಹೇಗಿದೆ? ಊರೊಳಗೆ, ಮಣ್ಣು ದಾರಿಯಲ್ಲಿ ಖುಷಿ ಕೊಡುತ್ತದೆ. ಗಂಟೆಗೆ 55 ಮೈಲಿ ದಾಟಿದರೆ ಕೈ ಜುಮ್ ಅನ್ನುತ್ತದೆ. ಇಲ್ಲಿನ ಹೈವೇಗೆ ಇದು ಆಗುವುದಿಲ್ಲ, ಸುಮ್ನೆ ಆಸೆ ಇಟ್ಟುಕೊಳ್ಳಬೇಡಿ. ಮೈಲೇಜು ನಮ್ಮ ಲೆಕ್ಕದಲ್ಲಿ ಲೀಟರಿಗೆ 27 ಕಿಲೋಮೀಟರ್ ಆಸುಪಾಸು.

ಕಾಗದಪತ್ರದ್ದು ಇನ್ನೊಂದು ತಲೆನೋವು. ತಯಾರಕರ ಮೂಲ ಪ್ರಮಾಣಪತ್ರ ಇಲ್ಲದೆ ನಂಬರ್ ಪ್ಲೇಟ್ ಇಲ್ಲ. ಮಾರಿದವರು ಅದನ್ನು ಆರು ವಾರ ತಡ ಮಾಡಿ ಕಳಿಸಿದರು, ಅಷ್ಟು ದಿನ ಬೈಕು ಗ್ಯಾರೇಜಿನ ಅಲಂಕಾರ. ಟೆಕ್ಸಾಸ್‌ನವರು 130-ಯು ಫಾರ್ಮ್ ತುಂಬಿಕೊಂಡು ಕೌಂಟಿ ಟ್ಯಾಕ್ಸ್ ಆಫೀಸಿಗೆ ಹೋಗಿ. 6.25% ತೆರಿಗೆಯನ್ನು ಬಜೆಟ್ಟಿನಲ್ಲಿ ಮೊದಲೇ ಸೇರಿಸಿಕೊಳ್ಳಿ.

ಚೈನು, ಜೆಟ್ಟು, ಆಯಿಲು, ಟಾರ್ಕ್ ರೆಂಚು ಎಲ್ಲ ಸೇರಿ ಮೇಲೆ ಸುಮಾರು 260 ಡಾಲರ್ ಹೋಯಿತು. ಸ್ಪ್ಯಾನರ್ ಹಿಡಿಯಲು ಬೇಜಾರು ಅನ್ನುವವರಿಗೆ ಇದು ಬೇಡವೇ ಬೇಡ, ಅದೇ ದುಡ್ಡಿಗೆ ಹಳೇ ಜಪಾನಿ ಬೈಕು ನೋಡಿ. ನಾನು ಐದಕ್ಕೆ ಮೂರೂವರೆ ಕೊಡುತ್ತೇನೆ. ಕಂಪನಿ ಟೈರುಗಳು ಒದ್ದೆ ರಸ್ತೆಯಲ್ಲಿ ಸೋಪಿನ ಹಾಗೆ ಜಾರುತ್ತವೆ, ಹೊಸ ಜೋಡಿ ಆರ್ಡರ್ ಮಾಡಿದ್ದೇನೆ, ಮುಂದಿನ ವಾರ ಬರಬೇಕು. ಆ ಸ್ಪೀಡೋಮೀಟರ್ ಡಬ್ಬಿ ಮತ್ತೆ ಬಿಚ್ಚಬೇಕಲ್ಲ, ಹೆಂಡತಿಗೆ ಈಗಲೇ ಹೇಳಿಟ್ಟಿದ್ದೇನೆ.