ತಲೆಬುರುಡೆಯೋ, ಪೂರ್ತಿ ಅಸ್ಥಿಪಂಜರವೋ, ಕೈಮೂಳೆಯೋ?

ಅಕ್ಟೋಬರ್ 31ರ ಹ್ಯಾಲೋವೀನ್‌ಗೆ ಮೊದಲ ಬಾರಿ ಅಸ್ಥಿಪಂಜರ ಬಿಡಿಸಲು ಹೊರಟವರಿಗೆ ನಾನು ಸೂಚಿಸುವುದು ತಲೆಬುರುಡೆ. ಒಂದು ವೃತ್ತ, ಅದರ ಕೆಳಗೆ ಚಿಕ್ಕ ಚೌಕದಂಥ ದವಡೆ. ಕಣ್ಣಿನ ಗುಳಿಗಳು ಬುರುಡೆಯ ನಡುಮಟ್ಟದಲ್ಲೇ ಇರಲಿ, ಹಣೆಗೆ ಏರಿಸಬೇಡಿ. ಮೂಗಿಗೆ ತಲೆಕೆಳಗಾದ ಹೃದಯದಾಕಾರ ಸಾಕು. ಗುಳಿಗಳಿಗೆ ಕಪ್ಪು ತುಂಬಿದೊಡನೆ ಚಿತ್ರ ಎದ್ದು ಕಾಣುತ್ತದೆ. ಮೇಲೆ ಹೂಬಳ್ಳಿ ಬರೆದರೆ ಮೆಕ್ಸಿಕೊದ ಸಕ್ಕರೆ ಬುರುಡೆಯ ಶೈಲಿ ಬರುತ್ತದೆ. ಅದು ನವೆಂಬರ್ 1 ಮತ್ತು 2ರಂದು ಅಗಲಿದವರನ್ನು ನೆನೆಯುವ ಹಬ್ಬಕ್ಕೆ ಸೇರಿದ್ದು, ಗೌರವದಿಂದಲೇ ಬರೆಯಿರಿ.

ಪೂರ್ತಿ ಅಸ್ಥಿಪಂಜರ ಮಕ್ಕಳ ಕರಕುಶಲಕ್ಕೆ ಒಳ್ಳೆಯದು. ವಯಸ್ಕರ ದೇಹದ 206 ಮೂಳೆಗಳನ್ನೂ ತೋರಿಸಬೇಕಿಲ್ಲ. 12 ಜೋಡಿ ಪಕ್ಕೆಲುಬುಗಳಿಗೆ ನಾಲ್ಕೈದು ಬಾಗುಗೆರೆ ಸಾಕು. ಕಪ್ಪು ಕಾಗದದ ಮೇಲೆ ಹತ್ತಿಯ ಕಿವಿಕಡ್ಡಿ ಅಂಟಿಸಿದರೂ ಆಯಿತು. ಸಣ್ಣ ಹಾಳೆಯಲ್ಲಿ ಮಾತ್ರ ಕೈಕಾಲುಗಳಿಗೆ ಜಾಗ ಸಾಲದು.

ಸ್ಕೆಚ್‌ಬುಕ್‌ಗಾದರೆ ಕೈಮೂಳೆಯೇ ಸರಿ. ನಿಮ್ಮದೇ ಎಡಗೈಯ ಸುತ್ತ ಪೆನ್ಸಿಲ್ ಎಳೆಯಿರಿ. ಹೆಬ್ಬೆರಳಿಗೆ ಎರಡು, ಉಳಿದ ಬೆರಳುಗಳಿಗೆ ಮೂರು ಮೂರು, ಅಂಗೈಗೆ ಐದು ಉದ್ದ ಮೂಳೆ. ಮಣಿಕಟ್ಟಿನ ಎಂಟನ್ನು ಉರುಟು ಕಲ್ಲುಗಳಂತೆ ಎರಡು ಸಾಲಿನಲ್ಲಿ ಜೋಡಿಸಿ. ಸಮಯ ಹಿಡಿಯುತ್ತದೆ, ಆದರೂ ತಾಳ್ಮೆ ಇರುವವರು ಇದನ್ನೇ ಆರಿಸಿಕೊಳ್ಳಲಿ.